ಲೆಜಿಸ್ಕ್ಯಾನ್: ಅಮೆರಿಕದ ರಾಜ್ಯ ಶಾಸಕರ ಜಾತಕಕ್ಕೊಂದು ಪುಕ್ಕಟೆ ಪಂಚಾಂಗ

ತೌಲನಿಕ ರಾಜಕಾರಣದ ಕಿರುಪ್ರಬಂಧಕ್ಕೆ ಅಮೆರಿಕದ ಒಬ್ಬ ರಾಜ್ಯ ಶಾಸಕರನ್ನು ಆರಿಸಿಕೊಂಡರೆ ದಾವಣಗೆರೆಯಲ್ಲಿ ಕೂತವರಿಗೆ ಮೊದಲು ಎದುರಾಗುವುದು ಮಾಹಿತಿಯ ಚೆಲ್ಲಾಪಿಲ್ಲಿ. ಐವತ್ತು ರಾಜ್ಯಗಳು, 7,300ಕ್ಕೂ ಹೆಚ್ಚು ಶಾಸಕರು. ಪ್ರತಿ ರಾಜ್ಯಕ್ಕೂ ಅದರದೇ ಜಾಲತಾಣ, ಅದರದೇ ಮಸೂದೆ ಸಂಖ್ಯೆ, ಅದರದೇ ಪರಿಭಾಷೆ. ನೆಬ್ರಾಸ್ಕಾದಲ್ಲಿ ಒಂದೇ ಸದನ, 49 ಸದಸ್ಯರು, ಮತಪತ್ರದಲ್ಲಿ ಪಕ್ಷದ ಹೆಸರೇ ಇರುವುದಿಲ್ಲ. ನ್ಯೂ ಹ್ಯಾಂಪ್‌ಷೈರ್‌ನ ಕೆಳಮನೆಯಲ್ಲಿ 400 ಜನ, ಸಂಬಳ ವರ್ಷಕ್ಕೆ 100 ಡಾಲರ್. ಟೆಕ್ಸಾಸ್‌ನಲ್ಲಿ ಎರಡು ವರ್ಷಕ್ಕೊಮ್ಮೆ 140 ದಿನದ ಅಧಿವೇಶನ. ಈ ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಿ, ದುಡ್ಡು ಕೇಳದೆ ತೋರಿಸುವ ಸೇವೆ ಲೆಜಿಸ್ಕ್ಯಾನ್.

ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ, ಪದವಿ ಕಾಲೇಜಿನ ರಾಜ್ಯಶಾಸ್ತ್ರ ಮೇಷ್ಟ್ರಿಗೆ, ಕೆಎಎಸ್‌ಗೆ ಓದುವವರಿಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಬ್ಬ ಶಾಸಕರು ಯಾವ ಮಸೂದೆ ತಂದರು, ಯಾವುದಕ್ಕೆ ಹೇಗೆ ಮತ ಹಾಕಿದರು ಎಂಬುದಕ್ಕೆ ಇದರಷ್ಟು ಅನುಕೂಲದ ಪುಕ್ಕಟೆ ಜಾಗ ಇನ್ನೊಂದಿಲ್ಲ. ಆದರೆ ಆ ಶಾಸಕರ ಇಡೀ ರಾಜಕೀಯ ಬದುಕು ಇಲ್ಲಿ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧಕ್ಕೆ ಬೇರೆ ಮೂರು ಕಡೆ ಹೋಗಲೇಬೇಕು. ಮತ್ತು ಇಲ್ಲಿನ ಅಂಕಿಗಳನ್ನು ನಮ್ಮ ವಿಧಾನಸಭೆಯ ಕಣ್ಣಿನಿಂದ ಓದಿದರೆ ಪ್ರಬಂಧ ಪೂರ್ತಿ ಅಡ್ಡದಾರಿ ಹಿಡಿಯುತ್ತದೆ.

ಉದಾಹರಣೆಗೆ ಶ್ರೀ ಥಾನೇದಾರ್ ಅವರನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು ಚಿಕ್ಕೋಡಿ, ಬೆಳೆದದ್ದು ಬೆಳಗಾವಿ. 2018ರಲ್ಲಿ ಮಿಷಿಗನ್ ರಾಜ್ಯಪಾಲ ಹುದ್ದೆಗೆ (ಅಲ್ಲಿ ಅದು ಜನ ಆರಿಸುವ ಹುದ್ದೆ) ಡೆಮಾಕ್ರಟಿಕ್ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ನಿಂತು ಮೂರನೇ ಸ್ಥಾನಕ್ಕೆ ಬಂದರು. 2020ರಲ್ಲಿ ಡೆಟ್ರಾಯಿಟ್‌ನ 3ನೇ ಕ್ಷೇತ್ರದಿಂದ ರಾಜ್ಯದ ಕೆಳಮನೆಗೆ ಗೆದ್ದರು. ಎರಡು ವರ್ಷದ ಒಂದೇ ಅವಧಿ ಮುಗಿಸಿ 2022ರಲ್ಲಿ 13ನೇ ಕ್ಷೇತ್ರದಿಂದ ಅಮೆರಿಕದ ಕಾಂಗ್ರೆಸ್‌ಗೆ ಆಯ್ಕೆಯಾದರು. ರಾಜ್ಯ ಶಾಸಕರಾಗಿ ಅವರ ಕಾಲ 2021 ಮತ್ತು 2022, ಅಷ್ಟೇ. ಅವಧಿ ಚಿಕ್ಕದಿದ್ದಷ್ಟೂ ಪ್ರಬಂಧಕ್ಕೆ ಒಳ್ಳೆಯದು, ಎಲ್ಲವನ್ನೂ ಒಂದೊಂದಾಗಿ ನೋಡಬಹುದು.

ಹುಡುಕುವಾಗ ಮೊದಲು ರಾಜ್ಯ, ಆಮೇಲೆ ಅಧಿವೇಶನದ ವರ್ಷ ಆರಿಸಬೇಕು. ವರ್ಷ ಬಿಟ್ಟರೆ ಈಗ ನಡೆಯುತ್ತಿರುವ ಅಧಿವೇಶನವೇ ಬರುತ್ತದೆ, ಹಳೆಯ ಶಾಸಕರು ಕಾಣುವುದೇ ಇಲ್ಲ. ಮಸೂದೆ ಸಂಖ್ಯೆಯನ್ನು ಟಿಪ್ಪಣಿ ಮಾಡಿಕೊಳ್ಳುವಾಗಲೂ ವರ್ಷ ಬರೆಯಲೇಬೇಕು. ಮಿಷಿಗನ್ ಕೆಳಮನೆಯ ಮಸೂದೆಗಳು ಪ್ರತಿ ಎರಡು ವರ್ಷಕ್ಕೊಮ್ಮೆ ಮತ್ತೆ 4001ರಿಂದ ಶುರುವಾಗುತ್ತವೆ, ಮೇಲ್ಮನೆಯವು 1ರಿಂದ. 2023ರ ಎಚ್‌ಬಿ (ಹೌಸ್ ಬಿಲ್, ಅಂದರೆ ಕೆಳಮನೆಯ ಮಸೂದೆ) 4001 ತೆರಿಗೆಯ ಮಸೂದೆ, ಆ ವರ್ಷದ 4ನೇ ಕಾಯ್ದೆಯಾಯಿತು. 2021ರ ಎಚ್‌ಬಿ 4001 ಬೇರೆಯೇ ಮಸೂದೆ. ಬರೀ ‘ಎಚ್‌ಬಿ 4001’ ಎಂದು ಬರೆದ ಅಡಿಟಿಪ್ಪಣಿ ಯಾವ ಉಪಯೋಗಕ್ಕೂ ಬರುವುದಿಲ್ಲ.

ಮಸೂದೆಯ ಪುಟ ತೆರೆದರೆ ಮೇಲ್ಗಡೆ ನಾಲ್ಕೈದು ಸಾಲು ಇರುತ್ತವೆ. ಇಡೀ ಸೇವೆಯ ಸತ್ವ ಅಲ್ಲೇ ಇದೆ. ಮೊದಲು ‘ಸ್ಪೆಕ್ಟ್ರಮ್’: ಮಂಡಿಸಿದವರಲ್ಲಿ ಯಾವ ಪಕ್ಷದವರು ಎಷ್ಟು ಜನ ಎಂಬ ಲೆಕ್ಕ. ಅದರ ಕೆಳಗೆ ‘ಸ್ಟೇಟಸ್’: ಯಾವ ದಿನಾಂಕಕ್ಕೆ ಯಾವ ಹಂತ, ಪಕ್ಕದಲ್ಲಿ ಶೇಕಡಾವಾರು. ಮಂಡನೆಯಾದರೆ ಶೇ 25, ಹುಟ್ಟಿದ ಸದನ ಒಪ್ಪಿದರೆ ಶೇ 50, ಎರಡೂ ಸದನ ಒಪ್ಪಿ ರಾಜ್ಯಪಾಲರ ಸಹಿಗೆ ಹೊರಟರೆ ಶೇ 75, ಕಾಯ್ದೆಯಾದರೆ ಶೇ 100. ಈ ಶೇಕಡಾವಾರು ನೋಡಿ ಮೋಸಹೋಗುವವರು ಬಹಳ. ಶೇ 25 ಎಂದರೆ ಕಾಲುಭಾಗ ಕೆಲಸ ಮುಗಿದಿದೆ ಎಂದಲ್ಲ. ಮಸೂದೆ ಕೊಟ್ಟ ದಿನವೇ ಶೇ 25 ಬಂದಿರುತ್ತದೆ, ಬಹುತೇಕ ಮಸೂದೆಗಳು ಅಲ್ಲೇ ಸಾಯುತ್ತವೆ. ಮುಗಿದ ಅಧಿವೇಶನದ ಪುಟದಲ್ಲಿ ಹಂತದ ಪಕ್ಕ ಮಸೂದೆ ಸತ್ತಿತೆಂದು ಬರೆದಿರುತ್ತದೆ, ಅದನ್ನು ಗಮನಿಸಿ. ಮೂರನೆಯದು ‘ಪೆಂಡಿಂಗ್’: ಮಸೂದೆ ಯಾವ ಸಮಿತಿಯ ಮುಂದೆ ಕೂತಿದೆ ಎಂಬ ಸಾಲು. ಶಾಸಕರ ಪ್ರಭಾವ ಅಳೆಯಲು ನನಗೆ ಬೇಕಾಗುವುದು ಇದೊಂದೇ. ಹತ್ತು ಮಸೂದೆಗಳೂ ಸಮಿತಿಯ ಬಾಗಿಲು ದಾಟಲಿಲ್ಲ ಎಂದರೆ, ಶಾಸಕರು ಸೋಮಾರಿ ಎನ್ನುವ ಮೊದಲು ಸಮಿತಿಯ ಅಧ್ಯಕ್ಷತೆ ಯಾವ ಪಕ್ಷದ್ದು ಎಂದು ನೋಡಿ. ಥಾನೇದಾರ್ ಇದ್ದ ಎರಡು ವರ್ಷವೂ ಮಿಷಿಗನ್ ಕೆಳಮನೆಯ 110 ಸ್ಥಾನಗಳಲ್ಲಿ ಬಹುಮತ ರಿಪಬ್ಲಿಕನ್ನರದ್ದಾಗಿತ್ತು. ವಿರೋಧ ಪಕ್ಷದ ಹೊಸ ಸದಸ್ಯರ ಮಸೂದೆಯನ್ನು ಸಮಿತಿ ಕೈಗೆತ್ತಿಕೊಳ್ಳುವುದೇ ಅಪರೂಪ.

ಇನ್ನು ಭಾಷೆ. ಪುಟಗಳೆಲ್ಲ ಇಂಗ್ಲಿಷಿನಲ್ಲಿವೆ. ಬ್ರೌಸರ್‌ನ ಕನ್ನಡ ಅನುವಾದದ ಗುಂಡಿ ಒತ್ತಬೇಡಿ ಎಂದು ಕೈಮುಗಿದು ಕೇಳುತ್ತೇನೆ. ‘ಹೌಸ್’ ಎಂಬುದು ಮನೆಯಾಗಿ, ‘ಸ್ಪಾನ್ಸರ್’ ಪ್ರಾಯೋಜಕನಾಗಿ, ‘ಥರ್ಡ್ ರೀಡಿಂಗ್’ ಮೂರನೇ ಓದಾಗಿ ಬಂದರೆ ಓದುವವರಿಗೆ ತಲೆಬುಡ ತಿಳಿಯುವುದಿಲ್ಲ. ಎಲ್ಲಕ್ಕಿಂತ ಅಪಾಯದ್ದು ‘ಟೇಬಲ್ಡ್’ ಎಂಬ ಮಾತು. ನಮ್ಮ ಪತ್ರಿಕೆಗಳಲ್ಲಿ ಮಸೂದೆ ‘ಟೇಬಲ್’ ಆಯಿತು ಎಂದರೆ ಸದನದಲ್ಲಿ ಮಂಡನೆಯಾಯಿತು ಎಂದರ್ಥ. ಅಮೆರಿಕದಲ್ಲಿ ಅದೇ ಮಾತಿಗೆ ಪಕ್ಕಕ್ಕೆ ಸರಿಸಿದರು, ಕೈಬಿಟ್ಟರು ಎಂಬ ಅರ್ಥ. ಒಂದೇ ಪದ, ತದ್ವಿರುದ್ಧ ಅರ್ಥ. ಮಸೂದೆಗೆ ಗೋರಿ ಕಟ್ಟಿದ ದಿನವನ್ನು ಅದು ಹುಟ್ಟಿದ ದಿನವೆಂದು ಬರೆದರೆ ಇಡೀ ಅಧ್ಯಾಯವೇ ಕೆಡುತ್ತದೆ. ‘ಅಸೆಂಬ್ಲಿ’ ಎಂಬ ಪದದ ಕಥೆಯೂ ಹೀಗೇ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ವಿಸ್ಕಾನ್ಸಿನ್‌ನಲ್ಲಿ ಅದು ಕೆಳಮನೆ. ಇಲಿನಾಯ್‌ನಲ್ಲಿ ‘ಜನರಲ್ ಅಸೆಂಬ್ಲಿ’ ಎಂದರೆ ಎರಡೂ ಸದನ ಸೇರಿದ್ದು. ವರ್ಜೀನಿಯಾ, ಮೇರಿಲ್ಯಾಂಡ್‌ನಲ್ಲಿ ಕೆಳಮನೆಗೆ ‘ಹೌಸ್ ಆಫ್ ಡೆಲಿಗೇಟ್ಸ್’ ಎನ್ನುತ್ತಾರೆ. ರಾಜ್ಯದ ಸೆನೆಟರ್‌ಗಳನ್ನು ಬರೀ ‘ಸೆನೆಟರ್’ ಎಂದು ಬರೆದು ವಾಷಿಂಗ್ಟನ್ನಿಗೆ ಕಳಿಸಿಬಿಡುವ ತಪ್ಪು ನಮ್ಮ ಸುದ್ದಿಗಳಲ್ಲೂ ಆಗುತ್ತದೆ. ಪ್ರತಿ ಸಲ ‘ರಾಜ್ಯ ಸೆನೆಟರ್’ ಎಂದೇ ಬರೆಯಿರಿ.

ಈ ಸೇವೆಯ ನಿಜವಾದ ಬಲ ಮತಗಳ ಪುಟ. ನಮ್ಮ ವಿಧಾನಸೌಧದಲ್ಲಿ ಮಸೂದೆಗಳು ಸಾಮಾನ್ಯವಾಗಿ ಧ್ವನಿಮತದಲ್ಲಿ ಪಾಸಾಗುತ್ತವೆ. ಮತಕ್ಕೆ ಹಾಕಿದರೂ ಪಕ್ಷದ ವಿಪ್ ಇರುತ್ತದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ವಿಪ್ ಮೀರಿದವರ ಸದಸ್ಯತ್ವವೇ ಹೋಗಬಹುದು. ಹಾಗಾಗಿ ಜಗಳೂರಿನ ಶಾಸಕರದ್ದಿರಲಿ, ಹೊನ್ನಾಳಿಯ ಶಾಸಕರದ್ದಿರಲಿ, ಮತದಾನದ ಚರಿತ್ರೆ ಎಂಬುದೊಂದು ಬೇರೆಯಾಗಿ ಇರುವುದೇ ಇಲ್ಲ. ಅವರ ಕೆಲಸ ಹುಡುಕಬೇಕಾದ್ದು ಚುಕ್ಕೆ ಗುರುತಿನ ಪ್ರಶ್ನೆಗಳಲ್ಲಿ, ಗಮನ ಸೆಳೆಯುವ ಸೂಚನೆಗಳಲ್ಲಿ, ಕ್ಷೇತ್ರಕ್ಕೆ ತಂದ ಅನುದಾನದಲ್ಲಿ, ವರ್ಷಕ್ಕೆ 2 ಕೋಟಿ ರೂಪಾಯಿಯ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಲ್ಲಿ. ಅಮೆರಿಕದ ರಾಜ್ಯಗಳಲ್ಲಿ ಪಕ್ಷಾಂತರ ನಿಷೇಧದ ಇಂಥ ಕಾಯ್ದೆ ಇಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಮಸೂದೆಯ ಕೊನೆಯ ಹಂತದಲ್ಲಿ ಪ್ರತಿಯೊಬ್ಬರ ಮತವೂ ಹೆಸರಿನ ಸಮೇತ ದಾಖಲಾಗುತ್ತದೆ. ಲೆಜಿಸ್ಕ್ಯಾನ್‌ನ ಮತಗಳ ಪುಟದಲ್ಲಿ ಹೌದು, ಇಲ್ಲ, ಮತ ಹಾಕಿಲ್ಲ, ಗೈರು ಎಂದು ನಾಲ್ಕು ಕಲಂ ಇರುತ್ತವೆ. ಒಬ್ಬ ಸದಸ್ಯರು ತಮ್ಮದೇ ಪಕ್ಷದ ವಿರುದ್ಧ ಹೋದ ದಿನ ಅಲ್ಲಿ ಎದ್ದು ಕಾಣುತ್ತದೆ. ಪ್ರಬಂಧದ ಜೀವ ಇರುವುದು ಅಂಥ ದಿನಗಳಲ್ಲಿ.

ಆದರೆ ಈ ನಾಲ್ಕೇ ಕಲಂ ಎಂಬುದು ದೋಷವೂ ಹೌದು. ಇಲಿನಾಯ್‌ನಲ್ಲಿ ‘ಪ್ರೆಸೆಂಟ್’ ಎಂಬ ಮೂರನೇ ಬಗೆಯ ಮತ ಇದೆ. ಅಲ್ಲಿ ಮಸೂದೆ ಪಾಸಾಗಲು ಹಾಜರಿದ್ದವರ ಬಹುಮತ ಸಾಲದು, ಸದನದ ಒಟ್ಟು ಬಲದ ಬಹುಮತ ಬೇಕು: 59 ಸದಸ್ಯರ ಸೆನೆಟ್‌ನಲ್ಲಿ 30, 118 ಸದಸ್ಯರ ಕೆಳಮನೆಯಲ್ಲಿ 60. ಹಾಗಾಗಿ ‘ಪ್ರೆಸೆಂಟ್’ ಮತದ ಪರಿಣಾಮ ‘ಇಲ್ಲ’ ಎಂಬ ಮತಕ್ಕೆ ಸಮ. ಬರಾಕ್ ಒಬಾಮ 1997ರಿಂದ 2004ರವರೆಗೆ ಅಲ್ಲಿ 13ನೇ ಕ್ಷೇತ್ರದ ರಾಜ್ಯ ಸೆನೆಟರ್ ಆಗಿದ್ದಾಗ ಸುಮಾರು 130 ಸಲ ‘ಪ್ರೆಸೆಂಟ್’ ಮತ ಹಾಕಿದ್ದು 2008ರ ಅಧ್ಯಕ್ಷೀಯ ಚುನಾವಣೆಯಲ್ಲಿ ದೊಡ್ಡ ಚರ್ಚೆಯಾಯಿತು. ನುಣುಚಿಕೊಂಡರು ಎಂದರು ವಿರೋಧಿಗಳು, ಅದು ಅಲ್ಲಿನ ಸದನದ ತಂತ್ರ ಎಂದರು ಬೆಂಬಲಿಗರು. ಲೆಜಿಸ್ಕ್ಯಾನ್‌ನಲ್ಲಿ ‘ಪ್ರೆಸೆಂಟ್’ಗೆ ಬೇರೆ ಸಂಕೇತವಿಲ್ಲ. ಇಲಿನಾಯ್ ಶಾಸಕರ ಮೇಲೆ ಬರೆಯುವವರು ರಾಜ್ಯದ ಶಾಸನಸಭೆಯ ಜಾಲತಾಣಕ್ಕೇ ಹೋಗಿ ಮತಪಟ್ಟಿಯ ಮೂಲ ಪ್ರತಿ ನೋಡಬೇಕು.

ಒಬಾಮರ ಹೆಸರು ಬಂದ ಮೇಲೆ ಇನ್ನೊಂದು ಮಿತಿ ಹೇಳಬೇಕು. ಲೆಜಿಸ್ಕ್ಯಾನ್‌ನ ದಾಖಲೆ ಸುಮಾರಾಗಿ 2010ರಿಂದ ಈಚಿನದು. ಹಳಬರಿಗೆ ಇದು ಕೆಲಸಕ್ಕೆ ಬಾರದು. ಒಬಾಮ ಮುಂದೆ ನಿಂತು ತಂದ, ಕೊಲೆ ಪ್ರಕರಣಗಳಲ್ಲಿ ಪೊಲೀಸರ ವಿಚಾರಣೆಯನ್ನು ರೆಕಾರ್ಡ್ ಮಾಡಬೇಕೆಂಬ 2003ರ ಕಾಯ್ದೆ ಬೇಕೆಂದರೆ ಇಲಿನಾಯ್ ಜಾಲತಾಣದಲ್ಲಿ 93ನೇ ಜನರಲ್ ಅಸೆಂಬ್ಲಿ ಆರಿಸಿ, ಪಬ್ಲಿಕ್ ಆಕ್ಟ್ 93-0206 ಎಂದು ಹುಡುಕಬೇಕು. ಕಾಯ್ದೆಯಾದದ್ದು 2003ರಲ್ಲಿ, ಜಾರಿಗೆ ಬಂದದ್ದು 2005ರಲ್ಲಿ. ಇನ್ನೊಂದು ವಿಷಯವನ್ನೂ ಜೊತೆಗಿಟ್ಟು ನೋಡಿ: ಒಬಾಮರ ಪಕ್ಷಕ್ಕೆ ಸೆನೆಟ್‌ನಲ್ಲಿ ಬಹುಮತ ಬಂದದ್ದು, ಅವರು ಆರೋಗ್ಯ ಮತ್ತು ಮಾನವ ಸೇವೆಗಳ ಸಮಿತಿಯ ಅಧ್ಯಕ್ಷರಾದದ್ದು ಅದೇ 2003ರ ಜನವರಿಯಲ್ಲಿ. ಆರು ವರ್ಷ ವಿರೋಧ ಪಕ್ಷದಲ್ಲಿ ಕೂತವರ ಹೆಸರಿಗೆ ಆಮೇಲೆ ಒಂದೇ ಸಮನೆ ಕಾಯ್ದೆಗಳು ಜಮೆಯಾದವು. ಬರೀ ಮಸೂದೆ ಎಣಿಸುವವರಿಗೆ ಈ ಕಾರಣ ಹೊಳೆಯುವುದೇ ಇಲ್ಲ.

ಪ್ರತಿ ಮತವನ್ನೂ ಲೆಕ್ಕ ಹಾಕುವವರು ಪುಟ ತಿರುವುತ್ತ ಕೂರಬಾರದು. ಪುಕ್ಕಟೆ ಖಾತೆ ತೆರೆದರೆ ಒಂದೊಂದು ರಾಜ್ಯದ ಒಂದೊಂದು ಅಧಿವೇಶನದ ಪೂರ್ತಿ ಮಾಹಿತಿಯನ್ನು ಜಿಪ್ ಕಡತವಾಗಿ ಇಳಿಸಿಕೊಳ್ಳಬಹುದು. ಸಿಎಸ್‌ವಿ ರೂಪದ್ದನ್ನು ಆರಿಸಿ, ಎಕ್ಸೆಲ್‌ನಲ್ಲಿ ತೆರೆಯುತ್ತದೆ. ಬಿಚ್ಚಿದರೆ ಮಸೂದೆಗಳದ್ದೊಂದು, ಸದಸ್ಯರದ್ದೊಂದು, ಮಂಡಿಸಿದವರದ್ದೊಂದು, ಮತ ಎಣಿಕೆಗಳದ್ದೊಂದು, ಒಬ್ಬೊಬ್ಬರ ಮತದ್ದೊಂದು ಹೀಗೆ ಬೇರೆಬೇರೆ ಕಡತಗಳಿರುತ್ತವೆ. ಸದಸ್ಯರ ಕಡತದಲ್ಲಿ ನಿಮ್ಮ ಶಾಸಕರ ಗುರುತಿನ ಸಂಖ್ಯೆ ನೋಡಿಕೊಳ್ಳಿ. ಮತಗಳ ಕಡತದಲ್ಲಿ ಆ ಸಂಖ್ಯೆಗೆ ಫಿಲ್ಟರ್ ಹಾಕಿ. ಉಳಿದ ಸಾಲುಗಳಲ್ಲಿ 1 ಎಂದರೆ ಹೌದು, 2 ಇಲ್ಲ, 3 ಮತ ಹಾಕಿಲ್ಲ, 4 ಗೈರು. ಮತ ಎಣಿಕೆಯ ಸಂಖ್ಯೆಯನ್ನು ಕೊಂಡಿಯಾಗಿಟ್ಟು ವಿ-ಲುಕಪ್ ಸೂತ್ರದಿಂದ ಮಸೂದೆ, ದಿನಾಂಕ, ಒಟ್ಟು ಹೌದು-ಇಲ್ಲ ಎಳೆದುಕೊಳ್ಳಿ.

ಕೆಲಸ ಕೆಡುವುದು ಇದಾದ ಮೇಲೆ. ಅಮೆರಿಕದ ರಾಜ್ಯಗಳಲ್ಲೂ ಹೆಚ್ಚಿನ ಮಸೂದೆಗಳು ಒಮ್ಮತದಿಂದಲೋ ಅದರ ಹತ್ತಿರಹತ್ತಿರವೋ ಪಾಸಾಗುತ್ತವೆ. ಸೇತುವೆಗೆ ಹೆಸರಿಡುವುದು, ಹಳೆ ಕಾಯ್ದೆಯಲ್ಲಿ ಒಂದು ಪದ ತಿದ್ದುವುದು ಇಂಥವೂ ಅದರಲ್ಲಿ ಸೇರಿರುತ್ತವೆ. ಅವನ್ನೆಲ್ಲ ಸೇರಿಸಿ ಎಣಿಸಿದರೆ ಪ್ರತಿಯೊಬ್ಬರೂ ಪ್ರತಿ ಪಕ್ಷದ ಜೊತೆಗೂ ಬಹುಪಾಲು ಒಪ್ಪಿದಂತೆ ಕಾಣುತ್ತದೆ. ಸೋತ ಕಡೆ ಕನಿಷ್ಠ ಹತ್ತರಲ್ಲೊಂದು ಪಾಲು ಮತ ಬಿದ್ದವನ್ನಷ್ಟೇ ಇಟ್ಟುಕೊಳ್ಳಿ, ಉಳಿದವು ಬೇಡ. ಎರಡನೆಯದಾಗಿ, ಒಂದೇ ಮಸೂದೆಗೆ ತಿದ್ದುಪಡಿ, ಕಾರ್ಯವಿಧಾನ, ಇನ್ನೊಂದು ಸದನದ ಬದಲಾವಣೆಗೆ ಒಪ್ಪಿಗೆ ಎಂದು ನಾಲ್ಕೈದು ಮತ ನಡೆದಿರುತ್ತದೆ. ವಿವರಣೆಯ ಕಲಂ ಓದಿ ಕೊನೆಯ ಮತವನ್ನು ಮಾತ್ರ ಆರಿಸಬೇಕು. ಮೂರನೆಯದಾಗಿ, ಮುಖ್ಯವಾಗಿ ಮಂಡಿಸಿದವರು ಬೇರೆ, ಜೊತೆಗೆ ಹೆಸರು ಸೇರಿಸಿದವರು ಬೇರೆ. ನಲವತ್ತು ಜನರ ಹೆಸರಿರುವ ಮಸೂದೆಯನ್ನು ನಿಮ್ಮ ಶಾಸಕರ ಸಾಧನೆಯೆಂದು ಬರೆದರೆ ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಇನ್ನು ಟೆಕ್ಸಾಸ್‌ನ 140 ದಿನದ ಸದಸ್ಯರ ಮಸೂದೆ ಎಣಿಕೆಯನ್ನು ವರ್ಷವಿಡೀ ಕೂರುವ ಮಿಷಿಗನ್ ಸದಸ್ಯರ ಎಣಿಕೆಯ ಪಕ್ಕ ಇಡಲೇಬೇಡಿ.

ಲೆಜಿಸ್ಕ್ಯಾನ್‌ನಲ್ಲಿ ಸಿಗದ ಅರ್ಧಕ್ಕೆ ಬರೋಣ. ಚುನಾವಣೆಗಳ ಫಲಿತಾಂಶ, ಎದುರಾಳಿಗಳು, ಸಮಿತಿ ಸ್ಥಾನಗಳಿಗೆ ಬ್ಯಾಲೆಟ್‌ಪೀಡಿಯ ನೋಡಿ. ಪುಟಗಳು ಉದ್ದ, ಆದರೆ ಚುನಾವಣೆಯ ಭಾಗ ಅಚ್ಚುಕಟ್ಟಾಗಿದೆ. ದುಡ್ಡು ಕೊಟ್ಟವರು ಯಾರು ಎಂಬುದಕ್ಕೆ ಫಾಲೋ ದ ಮನಿ. ಅದನ್ನು ನಡೆಸುತ್ತಿದ್ದ ಸಂಸ್ಥೆ 2021ರಲ್ಲಿ ಓಪನ್‌ಸೀಕ್ರೆಟ್ಸ್ ಜೊತೆ ವಿಲೀನವಾಯಿತು. ಭಾಷಣ ಮತ್ತು ಸಂಘಟನೆಗಳು ಕೊಟ್ಟ ಅಂಕಗಳಿಗೆ ವೋಟ್ ಸ್ಮಾರ್ಟ್. ಅಂಕ ಕೊಟ್ಟ ಸಂಘಟನೆಯ ನಿಲುವು ಗೊತ್ತಿಲ್ಲದೆ ಆ ಅಂಕ ಬಳಸಬಾರದು. ಲೆಜಿಸ್ಕ್ಯಾನ್‌ನ ಸದಸ್ಯರ ಪುಟದಲ್ಲೇ ಇವಕ್ಕೆಲ್ಲ ಕೊಂಡಿ ಕೊಟ್ಟಿರುವುದು ದೊಡ್ಡ ಉಪಕಾರ, ಹೆಸರು ಒಂದೇ ಇರುವ ಇಬ್ಬರು ಅದಲುಬದಲಾಗುವ ಭಯ ಇಲ್ಲ.

ಸಮಯ ಕೊಟ್ಟು ಯೋಚಿಸಬೇಕಾದ್ದು ಕ್ಷೇತ್ರದ ವಿಚಾರ. 2008ಕ್ಕೆ ಮುಂಚೆ ದಾವಣಗೆರೆ ಒಂದೇ ಕ್ಷೇತ್ರ, ಆಮೇಲೆ ಉತ್ತರ, ದಕ್ಷಿಣ ಎಂದು ಎರಡಾಯಿತು. ಹಳೆಯ ಫಲಿತಾಂಶವನ್ನು ಹೊಸದಕ್ಕೆ ನೇರ ಹೋಲಿಸಬಾರದು ಎಂಬುದು ಇಲ್ಲಿ ಚುನಾವಣೆ ನೋಡಿದವರಿಗೆ ಗೊತ್ತು. ಅಲ್ಲಿ ಪ್ರತಿ ಹತ್ತು ವರ್ಷಕ್ಕೆ, ಜನಗಣತಿಯ ಬೆನ್ನಿಗೇ, ಗಡಿ ಬದಲಾಗುತ್ತದೆ. ಸಂಖ್ಯೆ ಮಾತ್ರ ಹಾಗೇ ಉಳಿಯುತ್ತದೆ, ಮೋಸ ಅಲ್ಲಿದೆ. 2020ರಲ್ಲಿ ಥಾನೇದಾರ್ ಗೆದ್ದ 3ನೇ ಕ್ಷೇತ್ರವೂ 2022ರ ಚುನಾವಣೆಯ 3ನೇ ಕ್ಷೇತ್ರವೂ ಒಂದೇ ನೆಲವಲ್ಲ. ಇನ್ನೊಂದು ವ್ಯತ್ಯಾಸ ಚಿತ್ರದುರ್ಗದ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಎಸ್. ನಿಜಲಿಂಗಪ್ಪನವರು 1962ರಲ್ಲಿ ಹೊಸದುರ್ಗದಲ್ಲಿ ಸೋತು, ಬಾಗಲಕೋಟೆಯಿಂದ ಆರಿಸಿಬಂದು ಮತ್ತೆ ಮುಖ್ಯಮಂತ್ರಿಯಾದರು. ಇಲಿನಾಯ್ ಸಂವಿಧಾನದಲ್ಲಿ ಅಭ್ಯರ್ಥಿ ಚುನಾವಣೆಗೆ ಮುಂಚಿನ ಎರಡು ವರ್ಷ ಸಾಮಾನ್ಯವಾಗಿ ಆ ಕ್ಷೇತ್ರದಲ್ಲೇ ವಾಸವಿರಬೇಕು. ಅಂಥ ಕಡೆ ಸೋತ ನಾಯಕರಿಗೆ ಇನ್ನೊಂದು ಊರು ಖಾಲಿ ಮಾಡಿಕೊಡುವ ದಾರಿಯೇ ಇಲ್ಲ. ಏಣಿಯ ದಿಕ್ಕೂ ಬೇರೆ. ಚನ್ನಗಿರಿಯ ಜೆ.ಎಚ್. ಪಟೇಲರು 1967ರಲ್ಲಿ ಮೊದಲು ಲೋಕಸಭೆಗೆ ಹೋಗಿ, ಆಮೇಲೆ ವಿಧಾನಸಭೆಗೆ ಬಂದು 1996ರಲ್ಲಿ ಮುಖ್ಯಮಂತ್ರಿಯಾದರು. ಅಮೆರಿಕದಲ್ಲಿ ಸಾಮಾನ್ಯವಾಗಿ ರಾಜ್ಯದಿಂದ ಕಾಂಗ್ರೆಸ್ ಕಡೆಗೆ ಹತ್ತುತ್ತಾರೆ.

ಅವಧಿ ಮಿತಿಯನ್ನೂ ಮರೆಯಬೇಡಿ. ಮಿಷಿಗನ್ ಮತದಾರರು 1992ರಲ್ಲಿ ಕೆಳಮನೆಗೆ ಆರು ವರ್ಷ, ಸೆನೆಟ್‌ಗೆ ಎಂಟು ವರ್ಷ ಎಂದು ಗೆರೆ ಎಳೆದರು. 2022ರ ನವೆಂಬರಿನಲ್ಲಿ ಎರಡೂ ಸೇರಿ ಒಟ್ಟು 12 ವರ್ಷ ಎಂದು ಬದಲಾಯಿಸಿದರು. ಒಬ್ಬರು ಸದನ ಬಿಟ್ಟರು ಎಂದರೆ ಸೋತರು, ಬೇಸತ್ತರು ಎಂದು ಬರೆಯುವ ಮುನ್ನ ಅವರ ವರ್ಷ ಮುಗಿದಿತ್ತೇ ನೋಡಿ.

ಇಲ್ಲಿಂದ ಬಳಸುವವರಿಗೆ ಒಂದೆರಡು ಅನುಕೂಲದ ಮಾತು. ಮಿಷಿಗನ್ ಕೆಳಮನೆ ಮಧ್ಯಾಹ್ನ ಒಂದೂವರೆಗೆ ಕೂತರೆ ಬೇಸಿಗೆಯಲ್ಲಿ ನಮಗೆ ರಾತ್ರಿ 11, ಚಳಿಗಾಲದಲ್ಲಿ 12. ಕಲಾಪ ಕಾಯುತ್ತ ನಿದ್ದೆಗೆಡಬೇಕಿಲ್ಲ, ಮಸೂದೆಯನ್ನು ‘ಟ್ರ್ಯಾಕ್’ಗೆ ಹಾಕಿದರೆ ಬದಲಾವಣೆಯಾದಾಗ ಇಮೇಲ್ ಬರುತ್ತದೆ. ಕೆಲವು ರಾಜ್ಯ ಸರ್ಕಾರಗಳ ಜಾಲತಾಣಗಳು ಹೊರದೇಶದಿಂದ ತೆರೆಯದೇ ಇರಬಹುದು. ಮಸೂದೆಯ ಪಠ್ಯವನ್ನು ಲೆಜಿಸ್ಕ್ಯಾನ್ ತನ್ನಲ್ಲೂ ಇಟ್ಟುಕೊಂಡಿರುವುದರಿಂದ ಕೆಲಸ ನಿಲ್ಲುವುದಿಲ್ಲ. ಪ್ರೋಗ್ರಾಮಿಂಗ್ ಬಲ್ಲ ಇಂಜಿನಿಯರಿಂಗ್ ಕಾಲೇಜಿನ ಗೆಳೆಯರಿದ್ದರೆ ಇದರ ಎಪಿಐ (ಪ್ರೋಗ್ರಾಂ ಮೂಲಕ ನೇರವಾಗಿ ಮಾಹಿತಿ ಕೇಳಿ ಪಡೆಯುವ ದಾರಿ) ತಿಂಗಳಿಗೆ 30,000 ಪ್ರಶ್ನೆಗಳವರೆಗೆ ಪುಕ್ಕಟೆ. ಒಂದು ಪ್ರಬಂಧಕ್ಕೆ ಅದು ಬೇಕಾದಷ್ಟಾಯಿತು.

ಪಠ್ಯ ಇಳಿಸಿಕೊಳ್ಳುವಾಗ ಯಾವ ಹಂತದ್ದು ಎಂದು ಕಡತದ ಹೆಸರಿನಲ್ಲೇ ಬರೆದಿಡಿ: ಮಂಡಿಸಿದ್ದು, ಒಂದು ಸದನ ಒಪ್ಪಿದ್ದು, ಕೊನೆಗೆ ಸಹಿಯಾದದ್ದು. ಸಮಿತಿಯಲ್ಲಿ ಇಡೀ ಮಸೂದೆಯ ಒಡಲೇ ಬದಲಾಗಿ, ಸಂಖ್ಯೆ ಮತ್ತು ಮಂಡಿಸಿದವರ ಹೆಸರು ಮಾತ್ರ ಹಾಗೇ ಉಳಿಯುವುದುಂಟು. ಮೊದಲ ಪ್ರತಿ ಮತ್ತು ಕೊನೆಯ ಪ್ರತಿ ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದಿದಾಗಲೇ ಆ ಶಾಸಕರು ಕೇಳಿದ್ದೇನು, ಸಿಕ್ಕಿದ್ದೇನು, ಬಿಟ್ಟುಕೊಟ್ಟದ್ದೇನು ಎಂಬುದು ಕಾಣುತ್ತದೆ.